‘ಹೌದು ಸ್ವಾಮಿ’ ಅನ್ನುವ ಮೊದಲು

ಮಗಾ,

ನಿನ್ನೆ ರಾತ್ರಿ ನಿನ್ನ ಫೋನು ಬಂದಾಗ ಗಂಜಿಯ ಬಟ್ಟಲಿಗೆ ಕೈ ಹಾಕಿದ್ದೆನಷ್ಟೆ. “ಸರ್, ಹುಡುಗ ಒಪ್ಪಿಕೊಳ್ತೇನೆ ಅಂತ ಹಟ ಹಿಡಿದಿದ್ದಾನೆ. ಚಾರ್ಜು ಓದಿ ಹೇಳುವ ದಿನವೇ ಒಪ್ಪಿಕೊಂಡು ಬಿಟ್ಟರೆ ಸಜೆ ಕಮ್ಮಿ ಆಗ್ತದಲ್ಲ?” ಅಂದೆ. ಆಗ ನಾನು “ಆದಿತ್ಯವಾರ ಮಾತಾಡುವ” ಎಂದು ಫೋನು ಇಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಎಪ್ಪತ್ತು ದಾಟಿದವನಿಗೆ ನಿದ್ದೆ ಬಾರದಿರುವುದು ದೊಡ್ಡ ಸಂಗತಿ ಅಲ್ಲ ಬಿಡು, ಆದರೆ ನಿನ್ನೆಯದಕ್ಕೆ ಕಾರಣ ನಿನ್ನ ಆ ‘ಅಲ್ಲ?’ ಎಂಬ ಕೊನೆಯ ಪದ. ಹೌದು ಅನ್ನಿಸಿಕೊಳ್ಳಲಿಕ್ಕೇ ಕೇಳಿದ ಪ್ರಶ್ನೆ ಅದು. ಹಾಗಾಗಿ ಆದಿತ್ಯವಾರದವರೆಗೆ ಕಾಯದೆ ಬರೆಯುತ್ತಿದ್ದೇನೆ.

ನೀನು ಹೇಳಿದಷ್ಟು ನನ್ನ ತಲೆಯಲ್ಲಿ ಉಂಟು. ಅಡಿಕೆ ವ್ಯಾಪಾರಿಯೊಬ್ಬರು ಅಂಗಡಿ ಬಾಗಿಲು ಹಾಕಿ ಸ್ಕೂಟರಿನಲ್ಲಿ ಮನೆಗೆ ಹೋಗುವ ಹೊತ್ತು, ರಾತ್ರಿ ಎಂಟು ಗಂಟೆ ದಾಟಿದೆ, ಜಾಗ ರಾಷ್ಟ್ರೀಯ ಹೆದ್ದಾರಿ 73. ಎರಡು ಬೈಕಿನಲ್ಲಿ ಮೂವರು. ತಲವಾರು ತೋರಿಸಿ ದುಡ್ಡಿನ ಚೀಲ ಎಳೆದುಕೊಂಡದ್ದು. ನಿನ್ನ ಕಕ್ಷಿಗಾರನಿಗೆ ಆಗ ಇಪ್ಪತ್ತು ವರ್ಷ ನಾಲ್ಕು ತಿಂಗಳು. ಹನ್ನೊಂದು ತಿಂಗಳಿಂದ ಒಳಗಿದ್ದಾನೆ. ಬೆಟ್ಟಿಂಗ್ ಆ್ಯಪಿನ ಸಾಲ. ಮೊದಲು ಒಂದು ಕೇಸೂ ಇಲ್ಲ. ಮಿಕ್ಕ ಇಬ್ಬರ ಮೇಲೆ ಹಳೆಯ ಕೇಸುಗಳು ಉಂಟು.

ನಮ್ಮ ಊರಿನಲ್ಲಿ ಒಪ್ಪಿಕೊಳ್ಳುವುದೆಂದರೆ ಏನೆಂದು ನಿನಗೂ ಗೊತ್ತು. ಬಂಟ್ವಾಳದ ಕೋರ್ಟಿನಲ್ಲಿ ಕೋಳಿ ಅಂಕದ ಕೇಸು ಬಂದ ದಿನ ಬಿ.ಸಿ. ರೋಡಿನ ಆ ವರಾಂಡ ನೋಡಿದ್ದೀಯಲ್ಲ? ಪೊಲೀಸ್ ಕಾಯ್ದೆಯ ಕೆಳಗೆ ಹತ್ತು ಹದಿನೈದು ಜನ ಸಾಲಾಗಿ ನಿಲ್ಲುತ್ತಾರೆ, ಬೆಂಚ್ ಕ್ಲರ್ಕು ಹೆಸರು ಕೂಗುತ್ತಾರೆ, “ಒಪ್ಪಿಕೊಳ್ತೀರಾ?” “ಹೌದು ಸ್ವಾಮಿ”, ದಂಡ ಕಟ್ಟು, ರಶೀದಿ ತಗೊ, ಮಧ್ಯಾಹ್ನದ ಬಸ್ಸಿಗೆ ಮನೆ. ಹೆಲ್ಮೆಟ್ಟಿನ ಕೇಸಿಗೂ ಅದೇ. ಆ ಹುಡುಗನ ಮಾವನೋ ದೊಡ್ಡಪ್ಪನೋ ಹಾಗೆ ಒಮ್ಮೆಯಾದರೂ ದಂಡ ಕಟ್ಟಿ ಬಂದಿರುತ್ತಾರೆ. ಜೈಲಿನೊಳಗೆ ಯಾರಾದರೂ ಸಣ್ಣ ಕಳ್ಳತನದ ಕೇಸಿನವ “ಒಪ್ಪಿಕೊಂಡೆ, ಒಳಗೆ ಕಳೆದ ದಿನಗಳನ್ನೇ ಸಜೆ ಅಂತ ಬರೆದು ಬಿಟ್ಟರು” ಎಂದು ಹೇಳಿರುತ್ತಾನೆ. ಅದೂ ಸುಳ್ಳಲ್ಲ, ಅಂಥವು ಆಗುತ್ತವೆ. ಅವನ ತಾಯಿ ಧರ್ಮಸ್ಥಳಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದಿದ್ದಾಳೆ ಅಂದೆಯಲ್ಲ, ಆ ತಾಯಿಯ ಲೆಕ್ಕದಲ್ಲಿ ತಪ್ಪು ಹೇಳಿಕೊಂಡಲ್ಲಿಗೆ ವ್ಯವಹಾರ ಮುಗಿಯಿತು. ದೈವದ ಎದುರು ಅದು ಸರಿ. ಸೆಷನ್ಸ್ ನ್ಯಾಯಾಧೀಶರ ಮುಂದೆ ಅಲ್ಲ.

ಕಳ್ಳತನಕ್ಕೂ ಸುಲಿಗೆಗೂ ನಡುವಿನ ಕಂದಕ ಎಷ್ಟು ಆಳವೆಂದು ಆ ಹುಡುಗನಿಗೆ ಹೇಳಿದ್ದೀಯಾ? ನನ್ನ ನಾಲಿಗೆಗೆ ಇನ್ನೂ ಹಳೆಯ ದಂಡ ಸಂಹಿತೆಯ 392, 397 ಎಂದೇ ಬರುತ್ತದೆ. 2024ರ ಜುಲೈ 1ರಿಂದ ನಂಬರು ಬದಲಾಗಿದೆ, ಹೂರಣ ಅದೇ. ಬರಿಯ ಸುಲಿಗೆ ನ್ಯಾಯ ಸಂಹಿತೆಯ 309(4), ಹತ್ತು ವರ್ಷದವರೆಗೆ ಕಠಿಣ ಸಜೆ. ಹೆದ್ದಾರಿಯಲ್ಲಿ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ನಡೆದರೆ ಹದಿನಾಲ್ಕರವರೆಗೆ. ನಿನ್ನದು ಹೆದ್ದಾರಿ, ರಾತ್ರಿ ಎಂಟು ಗಂಟೆ. ಇಷ್ಟೇ ಇದ್ದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲೇ ನಡೆಯುತ್ತಿತ್ತು. ಜೆಎಂಎಫ್‌ಸಿ ಕೊಡಬಹುದಾದದ್ದು ಹೆಚ್ಚೆಂದರೆ ಮೂರು ವರ್ಷ, ಅದು ಸಾಲದು ಅನ್ನಿಸಿದರೆ ಸಿಜೆಎಂಗೆ ಕಳಿಸಬೇಕು. ಆದರೆ ಚಾರ್ಜ್‌ಶೀಟಿನಲ್ಲಿ 311 ಸೇರಿದ ಕೂಡಲೇ ಫೈಲು ಬಂಟ್ವಾಳ ಬಿಟ್ಟು ಮಂಗಳೂರಿಗೆ ಕಮಿಟ್ ಆಯಿತು. 311 ಅಂದರೆ ನಮ್ಮ ಹಳೆಯ 397. ಮಾರಕಾಯುಧ ಬಳಸಿದ್ದರೆ ಏಳು ವರ್ಷಕ್ಕೆ ಕಡಿಮೆ ಇಲ್ಲ. ‘ಏಳು ವರ್ಷದವರೆಗೆ’ ಎಂದಲ್ಲ, ‘ಏಳಕ್ಕೆ ಕಡಿಮೆ ಇಲ್ಲದಂತೆ’. ಈ ಎರಡು ಮಾತಿನ ನಡುವೆ ಒಂದು ಪ್ರಾಯವೇ ಕಳೆದುಹೋಗುತ್ತದೆ.

ಹಾಗಾದರೆ ಒಪ್ಪಿಕೊಂಡವನಿಗೆ ರಿಯಾಯಿತಿ ಎಲ್ಲಿಂದ ಬರಬೇಕು? ಇಂಗ್ಲೆಂಡಿನಲ್ಲಿ ಉಂಟು. ಅಲ್ಲಿ ಶಿಕ್ಷೆಯ ಮಾರ್ಗಸೂಚಿಯೇ ಬರೆದಿಟ್ಟಿದ್ದಾರೆ. ಮೊದಲ ಹಂತದಲ್ಲೇ ಒಪ್ಪಿಕೊಂಡರೆ ಮೂರನೇ ಒಂದು ಪಾಲಿನಷ್ಟು ಕಡಿತ, ವಿಚಾರಣೆಯ ದಿನ ಒಪ್ಪಿಕೊಂಡರೆ ಹತ್ತರಲ್ಲೊಂದು. ಮೊಬೈಲಿನಲ್ಲಿ ಇಂಗ್ಲಿಷ್ ಸೀರಿಯಲ್ಲು ನೋಡಿದ ನಿನ್ನ ತಲೆಯಲ್ಲಿ ಅದು ಇದ್ದರೆ ತೆಗೆದುಹಾಕು. ನಮ್ಮಲ್ಲಿ ‘ಪ್ಲೀ ಬಾರ್ಗೇನಿಂಗ್’ ಬಂದದ್ದು 2006ರ ಜುಲೈಯಲ್ಲಿ. ಅದು ಏಳು ವರ್ಷ ಮೀರದ ಸಜೆಯ ಅಪರಾಧಗಳಿಗೆ ಮಾತ್ರ. ಹೊಸ ಸಂಹಿತೆಯಲ್ಲಿ ಮೊದಲ ಸಲದವರಿಗೆ ಇನ್ನೂ ಧಾರಾಳವಾಗಿ ಕಡಿತ ಇಟ್ಟಿದ್ದಾರೆ, ಆದರೆ ಬಾಗಿಲು ಅಷ್ಟೇ ಅಗಲ. ಸುಲಿಗೆಯ ಹತ್ತು ವರ್ಷ ಆ ಬಾಗಿಲಲ್ಲಿ ಹಿಡಿಸುವುದಿಲ್ಲ. ಅಂದರೆ ನಿನ್ನ ಹುಡುಗ ಚೌಕಾಶಿ ಮಾಡುವ ಅಂಗಡಿಯೇ ಇಲ್ಲ. ಕೇಳಿದ ಬೆಲೆಯನ್ನು ಕೊಟ್ಟು ಬರುವುದಷ್ಟೆ.

ಈಗ ನಾನು ನಿದ್ದೆಗೆಟ್ಟು ಯೋಚಿಸಿದ ಪ್ರಶ್ನೆ. ಅವನು ಒಪ್ಪಿಕೊಳ್ಳುತ್ತೇನೆ ಅಂತಾನೆ, ಸರಿ. ಏನನ್ನು?

ಮೂವರ ಮೇಲೂ ಒಂದೇ ಸಾಲು ಬರೆದಿದ್ದಾರೆ: 309(4), 311, ಅದರ ಬಾಲಕ್ಕೆ 3(5), ಅಂದರೆ ಹಳೆಯ 34, ಸಮಾನ ಉದ್ದೇಶ. ಚಾರ್ಜ್‌ಶೀಟು ಬರೆಯುವ ಕೈಗೆ ಇದು ಅಭ್ಯಾಸ. ನೀರುದೋಸೆಯ ಹಿಟ್ಟಿನ ಹಾಗೆ ಕಾವಲಿಯ ತುಂಬ ಹರಡುತ್ತಾರೆ. ಆದರೆ 311 ಹೇಳುವುದು ‘ಆಯುಧ ಬಳಸಿದ ಅಪರಾಧಿ’ಯ ಬಗ್ಗೆ ಮಾತ್ರ. 1975ರಲ್ಲಿ ಫೂಲ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳಿತು. ಒಂದು, ಬಳಸುವುದು ಅಂದರೆ ಕಡಿಯಲೇಬೇಕು ಎಂದಿಲ್ಲ, ಎದುರಿನವ ಹೆದರುವಂತೆ ಕಾಣುವ ಹಾಗೆ ಹಿಡಿದರೂ ಸಾಕು. ಇದು ನಿನಗೆ ವಿರುದ್ಧ. ಇನ್ನೊಂದು, ಆ ಏಳು ವರ್ಷದ ಕನಿಷ್ಠ ಸಜೆ ಆಯುಧ ಹಿಡಿದವನ ತಲೆಗೆ ಮಾತ್ರ, ಜೊತೆಗಿದ್ದವನ ತಲೆಗೆ ಸಮಾನ ಉದ್ದೇಶದ ಹೆಸರಿನಲ್ಲಿ ಕಟ್ಟುವಂತಿಲ್ಲ. ಇದು ನಿನ್ನ ಕೈಯಲ್ಲಿರುವ ಅತಿ ದೊಡ್ಡ ಚೀಟಿ. ತಲವಾರು ಇದ್ದದ್ದು ಒಂದು ಅಂದೆ. ಮೂವರು. ಹಾಗಾದರೆ ಯಾರ ಕೈಯಲ್ಲಿ?

ನಿನ್ನವನು ಬೈಕು ಸ್ಟಾರ್ಟಿನಲ್ಲಿಟ್ಟು ಕೂತಿದ್ದನಾದರೆ ಅವನು ಒಪ್ಪಿಕೊಳ್ಳಬೇಕಾದದ್ದು 309(4). ಅಲ್ಲಿ ಕನಿಷ್ಠ ಎಂಬುದೇ ಇಲ್ಲ, ನ್ಯಾಯಾಧೀಶರ ಕೈ ಸಡಿಲ. ಗೊತ್ತಿಲ್ಲದೆ ಸಾಲು ಪೂರ್ತಿಗೆ ‘ಹೌದು’ ಅಂದರೆ ಹಿಡಿಯದ ತಲವಾರಿಗೆ ಏಳು ವರ್ಷ. ಒಪ್ಪಿಕೊಳ್ಳುವುದು ಇಡೀ ಹಾಳೆಯನ್ನೇ ಆಗಬೇಕೆಂದಿಲ್ಲ. ಒಂದನ್ನು ಒಪ್ಪಿ ಇನ್ನೊಂದನ್ನು ಅಲ್ಲಗಳೆದು ವಿಚಾರಣೆ ಕೇಳಬಹುದು.

ಇನ್ನೊಂದು ಎಳೆಯನ್ನೂ ನೋಡು. ವ್ಯಾಪಾರಿಯ ಮೊಣಕೈಗೆ ತರಚಿದ ಗಾಯ ಉಂಟು ಅಂದೆ. ಪಿಪಿ, ಅಂದರೆ ಸರಕಾರಿ ವಕೀಲರು, 309(6) ಸೇರಿಸಲು ಕೇಳಬಹುದು. ಸುಲಿಗೆ ಮಾಡುತ್ತ ಬೇಕೆಂದೇ ಗಾಯ ಮಾಡಿದರೆ ಜೀವಾವಧಿಯವರೆಗೆ ಹೋಗುವ ಕಲಂ ಅದು, ಮತ್ತು ಇಲ್ಲಿ ತಲವಾರಿನ ಹಾಗಲ್ಲ, ಜೊತೆಗೆ ಸೇರಿದ ಎಲ್ಲರಿಗೂ ಅಂಟುತ್ತದೆ. ಸ್ಕೂಟರು ಜಾರಿ ಬಿದ್ದು ಆದ ಗಾಯವೋ, ಹೊಡೆದದ್ದೋ? ಆಸ್ಪತ್ರೆಯ ಗಾಯದ ಸರ್ಟಿಫಿಕೇಟಿನಲ್ಲಿ ಆ ವ್ಯಾಪಾರಿ ವೈದ್ಯರಿಗೆ ಮೊದಲು ಏನು ಹೇಳಿದ್ದಾರೆ ಎಂದು ಓದು. ಆ ಒಂದು ಸಾಲಿನ ಬೆಲೆ ಎಷ್ಟೆಂದು ಕೆಳಗೆ ಹೇಳುತ್ತೇನೆ.

ಅದಕ್ಕೂ ಮೊದಲು ಸ್ವಲ್ಪ ಕಹಿಯಾದ ವಿಚಾರ. ನಿನ್ನ ಫೀಸು ಯಾರು ಕೊಡುತ್ತಿದ್ದಾರೆ?

ಸಿಟ್ಟು ಮಾಡಬೇಡ ಮಾರಾಯ್ತಿ. ತಾಯಿ ಬೀಡಿ ಕಟ್ಟುವವಳು ಅಂದೆ. ನಿನ್ನ ಫೀಸು ಹೆಚ್ಚಲ್ಲ, ಆದರೂ ಸಾವಿರಕ್ಕೆ ಇಷ್ಟು ಎಂದು ಎಣಿಸಿ ಸಿಗುವ ಬೀಡಿಯ ಮಜೂರಿಯಲ್ಲಿ ಅದೂ ಹುಟ್ಟುವುದಿಲ್ಲ. ಇಪ್ಪತ್ತು ವರ್ಷದ, ಹಳೆಯ ಕೇಸಿಲ್ಲದ ಹುಡುಗನ ಕಿವಿಯಲ್ಲಿ “ನಿನಗೆ ಸಣ್ಣ ಪ್ರಾಯ, ನೀನು ಒಪ್ಪಿಕೊ, ನಿನ್ನನ್ನು ಬಿಡ್ತಾರೆ, ಮನೆಯ ಖರ್ಚು ನಾವು ನೋಡಿಕೊಳ್ತೇವೆ” ಎಂದು ಹೇಳುವವರು ಜೈಲಿನ ಒಳಗೂ ಇರುತ್ತಾರೆ, ಹೊರಗೂ ಇರುತ್ತಾರೆ. ತಲವಾರು ಯಾರದ್ದಾದರೂ ಆಗಿರಲಿ, ಹೊರುವವ ಅವನೇ ಆಗುತ್ತಾನೆ. ನನ್ನ ನಲವತ್ತು ವರ್ಷದಲ್ಲಿ ಕೋರ್ಟಿನಲ್ಲಿ ಅತ್ಯಂತ ಉತ್ಸಾಹದಿಂದ ತಪ್ಪೊಪ್ಪಿಕೊಂಡವರಲ್ಲಿ ಅರ್ಧ ಜನ ಬೇರೆಯವರ ತಪ್ಪನ್ನು ಒಪ್ಪಿಕೊಂಡವರು ಎಂದೇ ನನ್ನ ಅಂದಾಜು. ಹಾಗೇನಾದರೂ ಇದ್ದರೆ ಆ ದುಡ್ಡು ವಾಪಸು ಕೊಟ್ಟುಬಿಡು. ಬಂಧನದಲ್ಲಿರುವವನಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರನ್ನು ಪಡೆಯುವ ಹಕ್ಕು 1987ರ ಕಾಯ್ದೆಯಲ್ಲೇ ಉಂಟು. ನೀನೇ ಆ ಪಟ್ಟಿಯಲ್ಲಿ ಇದ್ದೀಯಲ್ಲ, ಅಲ್ಲಿಂದ ನೇಮಕ ಮಾಡಿಸಿಕೊಂಡು ನಡೆಸು.

ನಾನು ಇಷ್ಟು ಕೊರೆಯುವುದಕ್ಕೆ ಕಾರಣ ಬೇಕಲ್ಲ. ಹೇಳುತ್ತೇನೆ. ಎಂಬತ್ತರ ದಶಕ. ನಾನು ಆಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಬಸ್ಸು ಹತ್ತಿ ಇಳಿದು ಕೇಸು ನಡೆಸುವವ. ಡೈರಿಯಲ್ಲಿ ಒಂದೇ ದಿನ ಎರಡು ಊರು ಬರೆದುಕೊಳ್ಳುವ ದುರಾಸೆ. ಆ ದಿನ ಒಂದು ಕಡೆ ನನ್ನ ಕಕ್ಷಿಗಾರನ ಚಾರ್ಜು ಓದುವುದಿತ್ತು. ಸುಲಿಗೆಯದೇ ಕೇಸು, ಕಳ್ಳಿನ ಅಂಗಡಿಯಿಂದ ಹೊರಟವನೊಬ್ಬನ ವಾಚು, ನೂರ ಚಿಲ್ಲರೆ ರೂಪಾಯಿ. ನಾನು ಇನ್ನೊಂದು ಊರಲ್ಲಿ ಪಾಲಿನ ದಾವೆಯೊಂದರ ಪಾಟೀಸವಾಲಿನಲ್ಲಿ ಮೈಮರೆತಿದ್ದೆ. ಸಿದ್ಧಕಟ್ಟೆಯ ದಾರಿಯಲ್ಲಿ ಬಸ್ಸು ಕೆಟ್ಟು ನಿಂತು ನಾನು ತಲುಪುವಾಗ ಮೂರೂವರೆ. ವರಾಂಡದಲ್ಲಿ ಅವನು ಕೈಕೋಳದಲ್ಲಿ ಕೂತಿದ್ದ. ನನ್ನನ್ನು ನೋಡಿ ನಕ್ಕ. “ಮುಗಿಯಿತು ಸ್ವಾಮೀ, ಒಪ್ಪಿಕೊಂಡೆ” ಎಂದು ತುಳುವಿನಲ್ಲಿ ಹೇಳಿದ, ಏನೋ ಒಳ್ಳೆಯದು ಮಾಡಿದವನ ಹಾಗೆ. ಯಾವಾಗ ಮನೆಗೆ ಹೋಗಬಹುದು ಎಂದು ಕೇಳಿದ. ಒಳಗೆ ಹೋಗಿ ಆರ್ಡರ್ ಶೀಟು ನೋಡಿದರೆ ಎರಡು ವರ್ಷ. ಓದಿದ್ದು ಗ್ರಾಂಥಿಕ ಕನ್ನಡದಲ್ಲಿ, ಅವನಿಗೆ ಸಂತೆಯ ಕನ್ನಡವಷ್ಟೇ ಗೊತ್ತು. ‘ಸುಲಿಗೆ’ ಎಂದರೆ ಅವನಿಗೆ ಅಡಿಕೆ ಸುಲಿಯುವುದು. ಯಾವ ಕೋರ್ಟು, ಯಾರ ಕಾಲ ಎಂದು ಕೇಳಬೇಡ. ಅಲ್ಲಿ ಕೂತವರದ್ದು ತಪ್ಪಲ್ಲ, ಕೇಳಿದರು, ಅವನು ಹೌದು ಅಂದ. ಇರಬೇಕಾದಲ್ಲಿ ಇರದೆ ಹೋದವನು ನಾನು.

ಮೇಲ್ಮನವಿ ಹಾಕುವ ಎಂದು ಹಾರಾಡಿದೆ. ಪುಸ್ತಕ ತೆಗೆದು ನೋಡಿದರೆ ಅಲ್ಲೂ ಗೋಡೆ. ತಾನಾಗಿ ಒಪ್ಪಿಕೊಂಡು ಶಿಕ್ಷೆಯಾದವನಿಗೆ ‘ನಾನು ತಪ್ಪಿತಸ್ಥ ಅಲ್ಲ’ ಎಂಬ ಅಪೀಲು ಇಲ್ಲ. ಸಜೆ ಜಾಸ್ತಿಯಾಯಿತು, ಕಾನೂನಿಗೆ ಹೊಂದುವುದಿಲ್ಲ, ಇಷ್ಟನ್ನೇ ಹೇಳಬಹುದು. ಹಳೆಯ ಸಂಹಿತೆಯಲ್ಲಿ 375, ಈಗ ನಾಗರಿಕ ಸುರಕ್ಷಾ ಸಂಹಿತೆಯ 416. ಆ ಹುಡುಗನಿಗೆ ಇದನ್ನೇ ಮೊದಲು ಹೇಳು. ಒಮ್ಮೆ ದಾಟಿದರೆ ಹಿಂದಕ್ಕೆ ಬರಲು ಸಂಕ ಇಲ್ಲ.

ಈಗ ಇನ್ನೊಂದು ಹೊಸ ಅಪಾಯ ಸೇರಿದೆ. ಅದೇ ಸುರಕ್ಷಾ ಸಂಹಿತೆಯ 251ರ ಪ್ರಕಾರ ಚಾರ್ಜನ್ನು ಜೈಲಿನಲ್ಲಿರುವವನಿಗೆ ವಿಡಿಯೊದಲ್ಲೇ ಓದಿ ಹೇಳಬಹುದು. ಕೊಡಿಯಾಲಬೈಲಿನ ಜೈಲಿನ ಕೋಣೆಯಲ್ಲಿ ಪರದೆಯ ಮುಂದೆ ನಿಂತವನಿಗೆ ಅರ್ಧ ಕೇಳುತ್ತದೆ, ಅರ್ಧ ಕಡಿಯುತ್ತದೆ, ಪಕ್ಕದಲ್ಲಿ ಇನ್ನೂ ಐದಾರು ಮಂದಿ ಸರದಿ ಕಾಯುತ್ತಿರುತ್ತಾರೆ. ಖುದ್ದು ಹಾಜರುಪಡಿಸಬೇಕೆಂದು ಅರ್ಜಿ ಹಾಕು. ಅವನು ತುಳುವಿನವನಾದರೆ ತುಳುವಿನಲ್ಲಿ, ಬ್ಯಾರಿ ಮಾತಾಡುವವನಾದರೆ ಬ್ಯಾರಿಯಲ್ಲಿ ವಿವರಿಸಿ ಎಂದು ಕೇಳು. ಅವನ ಬಾಯಿಂದ ಬಂದ ಮಾತನ್ನೇ ಬರೆದುಕೊಳ್ಳಲಿ, ‘ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ರಬ್ಬರ್ ಸ್ಟಾಂಪು ಬೇಡ. “ನಾನು ಬೈಕಿನಲ್ಲಿದ್ದೆ, ಚೀಲ ನನ್ನ ಕೈಗೆ ಕೊಟ್ಟರು, ತಲವಾರು ಮುಟ್ಟಲಿಲ್ಲ” ಎಂದು ಅವನು ಹೇಳಿದರೆ ಅದು 311ಕ್ಕೆ ಒಪ್ಪಿಗೆಯೇ ಅಲ್ಲ. ಒಪ್ಪಿಗೆಯ ಮೇಲೆ ಶಿಕ್ಷಿಸುವುದು ನ್ಯಾಯಾಧೀಶರ ವಿವೇಚನೆ. ಅನುಮಾನ ಬಂದರೆ ‘ಬೇಡ, ವಿಚಾರಣೆ ನಡೆಯಲಿ’ ಅನ್ನಬಹುದು. ದೊಡ್ಡ ಕೇಸುಗಳಲ್ಲಿ ಒಳ್ಳೆಯ ನ್ಯಾಯಾಧೀಶರು ಹಾಗೇ ಮಾಡುವುದು.

ಪೇಪರಿನಲ್ಲಿ ‘ವಿಚಾರಣೆ ವೇಳೆ ತಪ್ಪೊಪ್ಪಿಕೊಂಡಿದ್ದಾರೆ’ ಎಂದು ಬಂದಿತ್ತು ಎಂದು ತಾಯಿ ಅಳುತ್ತಿದ್ದಳು ಅಂದೆ. ಅದು ಪೊಲೀಸರೆದುರಿನ ಮಾತು, ಸಾಕ್ಷ್ಯದಲ್ಲಿ ಅದಕ್ಕೆ ಬೆಲೆ ಇಲ್ಲ. ಅವನ ಮಾತಿನಿಂದ ಏನಾದರೂ ವಸ್ತು ಸಿಕ್ಕಿದ್ದರೆ ಅಷ್ಟು ಭಾಗ ಮಾತ್ರ. ಹೇಗೂ ಒಪ್ಪಿ ಆಗಿದೆಯಲ್ಲ ಎಂಬ ಭಾವನೆಯನ್ನು ಆಕೆಯ ತಲೆಯಿಂದ ತೆಗೆ.

ಮತ್ತೆ, ‘ಸಜೆ ಕಮ್ಮಿ ಮಾಡಿಸಿ ಕೊಡುವ’ ಎಂಬ ಭರವಸೆ ಯಾರೇ ಕೊಟ್ಟಿರಲಿ, ಪಿಪಿ ಆಗಲಿ, ಠಾಣೆಯವರಾಗಲಿ, ದೇವರೇ ಆಗಲಿ, ಅದನ್ನು ನಂಬಬೇಡ. ನಮ್ಮದೇ ರಾಜ್ಯದ ತಿಪ್ಪೇಸ್ವಾಮಿ ಪ್ರಕರಣ 1983ರ ವರದಿಯಲ್ಲಿ ಉಂಟು, ತೆಗೆದು ಓದು, ಬರೇ ಎರಡು ಪುಟ. ಹಗುರವಾಗಿ ಬಿಡುತ್ತಾರೆಂಬ ನಂಬಿಕೆಯಲ್ಲಿ ಅವನು ಒಪ್ಪಿಕೊಂಡ, ಕೆಳಗಿನ ಕೋರ್ಟು ಹಗುರವಾಗಿಯೇ ಬಿಟ್ಟಿತು, ಮೇಲೆ ಹೋದಾಗ ಶಿಕ್ಷೆ ಏರಿತು. ಆಸೆ ತೋರಿಸಿ ಒಪ್ಪಿಸಿ ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಿ ಕೇಸನ್ನು ಮತ್ತೆ ವಿಚಾರಣೆಗೆ ಕಳಿಸಿತು. ಗೆದ್ದ ಅಂತ ಹೇಳಬಹುದು. ಆದರೆ ಗೆದ್ದು ಸಿಕ್ಕಿದ್ದೇನು? ಮೊದಲಿನ ಕಟಕಟೆಯೇ.

ಸರಿ. ನೀನು ಅವನ ಜೊತೆ ಗಂಟೆಗಟ್ಟಲೆ ಕೂತೆ, ಮಹಜರು ಓದಿದೆ, ಎಲ್ಲ ಅರ್ಥಮಾಡಿಸಿದೆ, ಆಮೇಲೂ ಅವನು “ಇಲ್ಲ ಮೇಡಂ, ನಾನು ಮಾಡಿದ್ದು ಮಾಡಿದ್ದೇ, ಸುಳ್ಳು ಹೇಳುವುದಿಲ್ಲ” ಅನ್ನುತ್ತಾನೆ ಅಂತಿಟ್ಟುಕೊ. ಅದೂ ಆಗುತ್ತದೆ. ಹಾಗೆ ಹೇಳುವ ಹುಡುಗನನ್ನು ತಡೆಯುವ ಹಕ್ಕು ನಮಗಿಲ್ಲ, ತಡೆಯಲೂ ಬಾರದು. ಅಂಥವನ ವಕೀಲರಾಗುವುದು ಸುಲಭ ಎಂದು ಮಾತ್ರ ತಿಳಿಯಬೇಡ. ಎಷ್ಟೋ ಮಂದಿ ಒಪ್ಪಿಗೆಯಾದ ಕೂಡಲೇ ಕರಿಕೋಟು ಮಡಚುತ್ತಾರೆ. “ಸಜೆಯ ಬಗ್ಗೆ ಏನಾದರೂ ಹೇಳುವುದುಂಟೋ?” ಎಂದು ಕೇಳಿದರೆ “ಬಡವ ಸ್ವಾಮೀ, ವಯಸ್ಸಾದ ತಾಯಿ ಇದ್ದಾಳೆ, ಕನಿಕರ ತೋರಿಸಬೇಕು” ಎಂದು ಎಲ್ಲ ಕೇಸಿಗೂ ಒಂದೇ ರಾಗ ಹಾಡಿ ಕೂರುತ್ತಾರೆ. ನ್ಯಾಯಾಧೀಶರು ತಲೆ ಎತ್ತುವುದೂ ಇಲ್ಲ. 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಬೇರೆಯೇ: ಶಿಕ್ಷೆಯ ಪ್ರಮಾಣದ ವಿಚಾರಣೆ ಬರೀ ಶಾಸ್ತ್ರಕ್ಕಲ್ಲ, ಅಲ್ಲಿ ದಾಖಲೆ ಕೊಡಬಹುದು, ಬೇಕಾದರೆ ಸಾಕ್ಷಿಯನ್ನೂ ಕರೆಯಬಹುದು. ಸಮಯ ಕೇಳು. ಒಂದು ವಾರ ಸಿಕ್ಕಿದರೆ ದೊಡ್ಡದು.

ಆ ವಾರದಲ್ಲಿ ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತರಿಸು, ಪ್ರಾಯಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇಲ್ಲ. ಕೃತ್ಯದ ದಿನ ಇಪ್ಪತ್ತೊಂದು ತುಂಬಿರಲಿಲ್ಲ ಎಂಬುದೇ ನಿನ್ನ ಬುನಾದಿ. 1958ರ ಪ್ರೊಬೇಷನ್ ಕಾಯ್ದೆ ಇಪ್ಪತ್ತೊಂದರ ಒಳಗಿನವರನ್ನು ಜೈಲಿಗೆ ಹಾಕುವ ಮೊದಲು ಯಾಕೆ ಹಾಕಬೇಕು ಎಂದು ಕಾರಣ ಬರೆಯಿರಿ ಅನ್ನುತ್ತದೆ. ಕನಿಷ್ಠ ಏಳು ವರ್ಷ ಎಂದಿರುವಾಗ ಪ್ರೊಬೇಷನ್ ಎಲ್ಲಿಯದು ಎಂದು ಪಿಪಿ ಎದ್ದು ನಿಲ್ಲುತ್ತಾರೆ. ಆಗ 2021ರ ಜನವರಿಯ ಲಖ್‌ವೀರ್ ಸಿಂಗ್ ತೀರ್ಪನ್ನು ಮೇಜಿನ ಮೇಲಿಡು. ಪಂಜಾಬಿನ ಕೇಸು, ಇದೇ 397, ಇದೇ ಏಳು ವರ್ಷ. ಕೃತ್ಯದ ಹೊತ್ತಿಗೆ ಇಪ್ಪತ್ತೊಂದರ ಒಳಗಿದ್ದ ಹುಡುಗರು, ಅರ್ಧ ಸಜೆ ಅನುಭವಿಸಿಯಾಗಿತ್ತು, ಕಳೆದುಕೊಂಡವನೇ ಬಂದು ಕ್ಷಮಿಸಿದ್ದೇನೆ ಎಂದಿದ್ದ. 397ರ ಕನಿಷ್ಠ ಸಜೆ ಪ್ರೊಬೇಷನ್ ಕಾಯ್ದೆಯನ್ನು ಕಟ್ಟಿಹಾಕುವುದಿಲ್ಲ ಎಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪೀಠ ಬಿಡುಗಡೆ ಮಾಡಿತು. ಆದರೆ ಜೀವಾವಧಿಯವರೆಗೆ ಹೋಗುವ ಅಪರಾಧಕ್ಕೆ ಆ ಕಾಯ್ದೆ ಇಲ್ಲ. ಈಗ ಗೊತ್ತಾಯಿತಾ, ಮೊಣಕೈಯ ತರಚು ಗಾಯದ ಬೆಲೆ? 309(6) ಸೇರಿದರೆ ಈ ಬಾಗಿಲೂ ಮುಚ್ಚಿತು.

ಆಸೆ ಇಟ್ಟುಕೊಳ್ಳಬೇಡ ಎಂದೂ ಹೇಳಿಬಿಡುತ್ತೇನೆ. ಲಖ್‌ವೀರ್ ಸಿಂಗನಿಗೆ ಸಿಕ್ಕಿದ್ದು ದಿಲ್ಲಿಯಲ್ಲಿ, ಅರ್ಧ ಸಜೆ ಮುಗಿಸಿದ ಮೇಲೆ. ಸೆಷನ್ಸಿನಲ್ಲಿ ತಲವಾರಿನ ಕೇಸಿಗೆ ಪ್ರೊಬೇಷನ್ ಕೊಡುವ ಧೈರ್ಯವನ್ನು ನಾನು ಒಮ್ಮೆಯೂ ಕಂಡಿಲ್ಲ. ಅದರಲ್ಲೂ ಈಗ ಜಿಲ್ಲೆಯ ಗಾಳಿಯೇ ಬೇರೆ. 2025ರ ಜನವರಿ 3ರ ರಾತ್ರಿ ನಮ್ಮ ಬಂಟ್ವಾಳ ತಾಲೂಕಿನ ಬೋಳಂತೂರಿನಲ್ಲಿ ಇ.ಡಿ. ಅಧಿಕಾರಿಗಳೆಂದು ಹೇಳಿಕೊಂಡು ಬೀಡಿ ಉದ್ಯಮಿಯ ಮನೆಗೆ ನುಗ್ಗಿ ಸುಮಾರು 30 ಲಕ್ಷ ಒಯ್ದರು. ಎರಡು ವಾರ ಕಳೆದು 17ಕ್ಕೆ, ಹಾಡಹಗಲೇ, ಕೋಟೆಕಾರಿನ ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಬಂದೂಕು, ತಲವಾರು ಹಿಡಿದು ನುಗ್ಗಿದರು. ಆ ಕೇಸುಗಳ ಆರೋಪಿಗಳ ಬಗ್ಗೆ ನಾನೂ ನೀನೂ ಮಾತಾಡುವ ಹಾಗಿಲ್ಲ, ಆದರೆ ಪಿಪಿ ‘ಇಂಥ ಕೃತ್ಯಗಳು ಜಿಲ್ಲೆಯಲ್ಲಿ ಹೆಚ್ಚುತ್ತಿವೆ ಸ್ವಾಮೀ’ ಎಂದು ಶುರು ಮಾಡಿದಾಗ ಕೋರ್ಟಿನಲ್ಲಿ ಕೂತ ಎಲ್ಲರಿಗೂ ನೆನಪಾಗುವುದು ಅವೇ. ಆ ದೊಡ್ಡ ದರೋಡೆಗಳ ನೆರಳು ಈ ಬೆಟ್ಟಿಂಗ್ ಸಾಲದ ಹುಡುಗನ ಮೇಲೆ ಬೀಳದಂತೆ ನೋಡುವುದು ನಿನ್ನ ಕೆಲಸ. ‘ಅಲ್ಲಿ ಗ್ಯಾಂಗು, ಇಲ್ಲಿ ಸಾಲ’ ಎಂದು ಬರೇ ಹೇಳಿದರೆ ಸಾಲದು. ಫೋನಿನ ವ್ಯವಹಾರದ ವಿವರ, ಯಾವ ದಿನ ಎಷ್ಟು ಹೋಯಿತು ಎಂದು ಬ್ಯಾಂಕಿನ ಪಾಸ್‌ಬುಕ್ಕಿನೊಂದಿಗೆ ತೋರಿಸು.

ಇದನ್ನೆಲ್ಲ ಅಳೆಯುವ ಕೋಲು ನಮ್ಮಲ್ಲಿ ಇಲ್ಲ ಎಂಬುದೇ ನನ್ನ ಹಳೆಯ ದೂರು. ನಮ್ಮ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಬೇಕು ಎಂದು ವರದಿ ಕೊಟ್ಟಿತು. ಕರ್ನಾಟಕದಲ್ಲೂ ಕೇರಳದಲ್ಲೂ ಮುಖ್ಯ ನ್ಯಾಯಮೂರ್ತಿಯಾಗಿದ್ದವರ ಮಾತು. ಸಂಹಿತೆಗಳ ಹೆಸರೇ ಬದಲಾಯಿತು, ಮಾರ್ಗಸೂಚಿ ಬರಲಿಲ್ಲ. ಹಾಗಾಗಿ ಒಂದೇ ಕೃತ್ಯಕ್ಕೆ ಒಂದು ಕೋರ್ಟಿನಲ್ಲಿ ಮೂರು, ಪಕ್ಕದ ಕೋರ್ಟಿನಲ್ಲಿ ಎಂಟು. ಬಿಡು, ಇದು ಮುದುಕನ ಗೊಣಗಾಟ.

ಆ ವ್ಯಾಪಾರಿಯನ್ನು ಮರೆಯಬೇಡ. ನಾವು ಆರೋಪಿಯ ವಕೀಲರು ಎಂದು ಕಳೆದುಕೊಂಡವರ ಮುಖ ನೋಡದೆ ಇರುವುದು ಒಂದು ಚಾಳಿ. ಬಹಳ ಹಿಂದೆ ಒಂದು ಕೇಸಿನಲ್ಲಿ ಒಬ್ಬ ಅಜ್ಜಿಯ ಕರಿಮಣಿ ಸರ ಹೋಗಿತ್ತು. ವರ್ಷಗಟ್ಟಲೆ ಮುದ್ದೆಮಾಲು ಕೋಣೆಯಲ್ಲಿ ಅರಗಿನ ಮೊಹರಿನೊಳಗಿತ್ತು. ಸಾಕ್ಷಿ ಹೇಳುವ ದಿನ ಲಕೋಟೆ ಹರಿದು ಅಜ್ಜಿಯ ಕೈಗೆ ಕೊಟ್ಟರು. ಆಕೆ ಕನ್ನಡಕ ಇಲ್ಲದೆ ಬೆರಳಿನಲ್ಲೇ ಸವರಿ ನೋಡಿ, ಕೊಂಡಿಯ ಹತ್ತಿರ ಬೆರಳು ನಿಲ್ಲಿಸಿ, ಇಲ್ಲಿ ತಂತಿ ಸುತ್ತಿದ್ದು ನನ್ನ ಯಜಮಾನರು ಎಂದಳು. ಯಜಮಾನರು ತೀರಿಹೋಗಿ ಎಷ್ಟೋ ವರ್ಷ. ಗುರುತು ಹೇಳಿಯಾದ ಮೇಲೆ ಸರವನ್ನು ವಾಪಸು ಲಕೋಟೆಗೆ ಹಾಕಬೇಕಲ್ಲ, ಆಕೆ ಮುಷ್ಟಿ ಬಿಡಲೇ ಇಲ್ಲ. ಬೆಂಚ್ ಕ್ಲರ್ಕು ಮೆಲ್ಲ ಕೈ ಚಾಚಿಕೊಂಡು ನಿಂತೇ ಇದ್ದರು. ಪಾಟೀಸವಾಲಿಗೆ ಎದ್ದ ನಾನು ‘ಪ್ರಶ್ನೆ ಇಲ್ಲ’ ಎಂದು ಕೂತೆ. ನನ್ನ ಕಕ್ಷಿಗಾರ ಆಮೇಲೆ ನನ್ನನ್ನು ಬೈದ, ಬೈಯಲಿ.

ಹಾಗಾಗಿ ದುಡ್ಡು ಎಷ್ಟು ಸಿಕ್ಕಿದೆ, ಎಷ್ಟು ಬಾಕಿ ಎಂದು ಲೆಕ್ಕ ಹಾಕು. ವಶಪಡಿಸಿಕೊಂಡ ನಗದನ್ನು ವ್ಯಾಪಾರಿಗೆ ಬಿಟ್ಟುಕೊಡಲು ನಮ್ಮ ತಕರಾರಿಲ್ಲ ಎಂದು ನಾಳೆಯೇ ಮೆಮೊ ಹಾಕು. ಬಾಕಿಯಲ್ಲಿ ಇವನ ಪಾಲನ್ನು ಕೊಡಲು ಮನೆಯವರಿಂದ ಆಗುತ್ತದೋ ನೋಡು, ಆಗದಿದ್ದರೆ ಸುಳ್ಳು ಆಣೆ ಬೇಡ. 2013ರ ಅಂಕುಶ್ ಗಾಯಕ್‌ವಾಡ್ ತೀರ್ಪಿನ ಪ್ರಕಾರ ಪ್ರತಿ ಕೇಸಿನಲ್ಲೂ ಪರಿಹಾರದ ಬಗ್ಗೆ ಯೋಚಿಸಬೇಕಾದದ್ದು ಕೋರ್ಟಿನ ಕರ್ತವ್ಯ, ನೀನೇ ಮೊದಲು ಆ ಮಾತು ಎತ್ತು. ಆದರೆ ತಾಯಿಯನ್ನು ಕರೆದುಕೊಂಡು ವ್ಯಾಪಾರಿಯ ಮನೆಗೆ ಹೋಗಬೇಡ. ಕ್ಷಮಿಸಿ ಅನ್ನಲು ಹೋದದ್ದು ನಾಳೆ ‘ಸಾಕ್ಷಿಗೆ ಬೆದರಿಕೆ’ ಎಂದು ಇನ್ನೊಂದು ಎಫ್‌ಐಆರ್ ಆಗುತ್ತದೆ. ಹೇಳುವುದಿದ್ದರೆ ಕೋರ್ಟಿನಲ್ಲಿ, ಎಲ್ಲರ ಎದುರು.

ಒಳಗಿದ್ದ ಹನ್ನೊಂದು ತಿಂಗಳು ಸಜೆಯಲ್ಲಿ ಕಳೆಯುತ್ತದೆ, ಸುರಕ್ಷಾ ಸಂಹಿತೆಯ 468ರಲ್ಲಿ ಸೆಟ್ ಆಫ್. ತೀರ್ಪಿನಲ್ಲಿ ಆ ಸಾಲು ಬಂದಿದೆಯೋ ಎಂದು ಅಲ್ಲೇ ನಿಂತು ನೋಡು. ಜೈಲಿನ ದಿನಗಳಿಗೆ ಬೇಸತ್ತೇ ಒಪ್ಪಿಕೊಳ್ಳುತ್ತಾನೆ ಅಂತಾದರೆ ಅದಕ್ಕೆ ಮದ್ದು ಜಾಮೀನು. ಕೆಳಗೆ ತಿರಸ್ಕಾರವಾಗಿದ್ದರೆ ಹೈಕೋರ್ಟು ಉಂಟಲ್ಲ. ಹಳೆಯ ಕೇಸಿಲ್ಲದವನು, ತನಿಖೆ ಮುಗಿದಿದೆ, ಸಣ್ಣ ಪ್ರಾಯ, ಇಷ್ಟು ಇಟ್ಟುಕೊಂಡು ಬೆಂಗಳೂರಿನ ಬಸ್ಸು ಹತ್ತು. ಶ್ಯೂರಿಟಿಗೆ ಆರ್‌ಟಿಸಿ ಇರುವ ನೆಂಟರು ಯಾರೆಂದು ಈಗಲೇ ಹುಡುಕಿಸು. ಆದೇಶ ಸಿಕ್ಕಿಯೂ ಜಾಮೀನುದಾರರಿಲ್ಲದೆ ಒಳಗೇ ಉಳಿದವರನ್ನು ನಾನು ಬಹಳ ನೋಡಿದ್ದೇನೆ.

ಆದಿತ್ಯವಾರ ಬರುವಾಗ ಚಾರ್ಜ್‌ಶೀಟಿನ ಪೂರ್ತಿ ಪ್ರತಿ ತಾ, ಜೆರಾಕ್ಸಿನಲ್ಲಿ ಮಸುಕಾದ ಪುಟಗಳನ್ನು ಬಿಟ್ಟುಬರಬೇಡ, ಸಾಮಾನ್ಯವಾಗಿ ಬೇಕಾದದ್ದು ಅಲ್ಲೇ ಇರುತ್ತದೆ. ಸ್ಥಳದ ನಕ್ಷೆ ಮುಖ್ಯ: ಬೀದಿದೀಪ ಎಲ್ಲಿ, ಬೈಕು ನಿಂತದ್ದು ಎಲ್ಲಿ, ವ್ಯಾಪಾರಿ ಬಿದ್ದದ್ದು ಎಲ್ಲಿ. ತಲವಾರು ತೋಡಿನಲ್ಲಿ ಸಿಕ್ಕಿತು ಅಂದೆಯಲ್ಲ, ಆ ಮಹಜರಿನಲ್ಲಿ ಅದನ್ನು ತೋರಿಸಿಕೊಟ್ಟವನು ಯಾರೆಂದು ಬರೆದಿದ್ದಾರೆ, ಪಂಚರು ಯಾವ ಊರಿನವರು, ಇದನ್ನು ಮೊದಲು ಓದುವ. ಅದಕ್ಕೂ ಮುಂಚೆ ಶನಿವಾರ ಜೈಲಿಗೆ ಹೋಗಿ ಅವನನ್ನು ಒಬ್ಬನನ್ನೇ ಕೂರಿಸಿ ಕೇಳು, ಮಿಕ್ಕ ಇಬ್ಬರು ಕಣ್ಣಳತೆಯಲ್ಲಿ ಇರಬಾರದು. ತಲವಾರು ಯಾರ ಮನೆಯಿಂದ ಬಂತು ಎಂದಷ್ಟೇ ಕೇಳಿ ಸುಮ್ಮನಿರು. ಅವನು ತಲೆ ತಗ್ಗಿಸಿ ಎಷ್ಟು ಹೊತ್ತು ಕೂತರೂ ನೀನಾಗಿ ಮಾತು ಸೇರಿಸಬೇಡ.

ಮೀನು ತರುವುದು ಬೇಡ, ಇಲ್ಲಿ ಬಂಗುಡೆ ಸಿಗುತ್ತದೆ.